ಮೂರನೆಯ ಬೋಲ್ಟು

ಚೆನ್ನಾಗಿ ಓಡುತ್ತಿದ್ದ ಎಂಜಿನ್ನನ್ನು ಬಿಚ್ಚಿದ್ದು ಮಾಂಗಾಸಿಯದೇ ತಪ್ಪು. ಅದನ್ನು ಅವನಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಆದರೂ ಭಾವಮೈದ ತುಂಪಾಲ್ ಬೆಳಗಿನಿಂದ ಹೇಳುತ್ತಲೇ ಇದ್ದ.

“ಅಲ್ಲ ಭಾವ, ಇಷ್ಟು ವರ್ಷ ಎಣ್ಣೆ ಸೋರಿಸ್ಕೊಂಡೇ ಓಡ್ತಲ್ಲ ಇದು. ನಮ್ಮೂರು ಸಿಯಾಂತಾರ್‌ನಲ್ಲಿ ಎಣ್ಣೆ ಸೋರದೇ ಇರೋ ಇಂಗ್ಲಿಷ್ ಬೈಕು ಯಾವುದಿದೆ ಹೇಳು. ಸೋರ್ತಿಲ್ಲ ಅಂದ್ರೆ ಒಳಗೆ ಎಣ್ಣೇನೇ ಇಲ್ಲ ಅಂತ ಅರ್ಥ.”

“ಬಾಯಿ ಮುಚ್ಕೊಂಡು ಕೆಲಸ ಮಾಡು,” ಅಂದ ಮಾಂಗಾಸಿ.

ತುಂಪಾಲನ ಶೆಡ್ಡಿನಲ್ಲಿ ಮಾಂಗಾಸಿಯ ಬೆಚಾ ಇಟ್ಟಿಗೆಗಳ ಮೇಲೆ ನಿಂತಿತ್ತು. ಹಳೆಯ ಬೈಕಿನ ಎಡಕ್ಕೆ, ಇಬ್ಬರು ಕೂರುವಂಥ ಡಬ್ಬಿ ಕಟ್ಟಿದ ಬಾಡಿಗೆ ಗಾಡಿ ಅದು. ಸಿಲಿಂಡರು ಕಳಚಿಕೊಂಡು ಗೋಣಿಚೀಲದ ಮೇಲೆ ಮಲಗಿತ್ತು. ಅದನ್ನು ಎಂಜಿನ್ನಿನ ಹೊಟ್ಟೆಗೆ ಬಿಗಿದಿದ್ದ ಬೋಲ್ಟುಗಳಲ್ಲಿ ಮೂರು ತಲೆ ಮುರಿದುಕೊಂಡು ಬುಡವನ್ನು ತೂತಿನೊಳಗೇ ಬಿಟ್ಟಿದ್ದವು. ಮಾಂಗಾಸಿ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಿದ್ದ. ಮೊದಲನೆಯದು ಟಕ್ ಎಂದಾಗಲೇ ನಿಲ್ಲಿಸಬೇಕಿತ್ತು. ಹಟಕ್ಕೆ ಬಿದ್ದು ಇನ್ನೆರಡನ್ನೂ ಮುರಿದ.

ಅವನ ಅವಸರಕ್ಕೆ ಕಾರಣವಿತ್ತು. ಶನಿವಾರ ರುಮಿಂತಾಳ ಅಸ್ಥಿ ಎತ್ತುವ ದಿನ. ರುಮಿಂತಾ ಮಾಂಗಾಸಿಯ ಹೆಂಡತಿ, ತುಂಪಾಲನ ಅಕ್ಕ. ಊರಾಚೆಯ ಸ್ಮಶಾನದಲ್ಲಿ ಮಲಗಿದ್ದವಳನ್ನು ಮಣ್ಣಿನಿಂದ ಎತ್ತಿ, ಮೂಳೆಗಳನ್ನು ಅರಿಸಿನ ನಿಂಬೆಯ ನೀರಿನಲ್ಲಿ ತೊಳೆದು, ಕುಲದವರೆಲ್ಲ ಸೇರಿ ಕಟ್ಟಿಸಿದ ಹೊಸ ಸಮಾಧಿಯಲ್ಲಿ ಹಿರಿಯರ ಪಕ್ಕಕ್ಕೆ ಇಡಬೇಕಿತ್ತು. ಮೇಡಾನ್‌ನಿಂದ, ಜಕಾರ್ತಾದಿಂದ ನೆಂಟರು ಬರುವವರಿದ್ದರು. ಅಸ್ಥಿ ಒಯ್ಯಲು ವ್ಯಾನು ಗೊತ್ತುಮಾಡೋಣ ಎಂದು ಅವರೆಲ್ಲ ಅಂದರೆ ಮಾಂಗಾಸಿ ಒಪ್ಪಲಿಲ್ಲ.

ಒಂದು ವ್ಯಾನಿನ ಕಥೆಯೇ ಅವನಿಗೆ ಸಾಕಾಗಿಹೋಗಿತ್ತು. ಆಸ್ಪತ್ರೆಯಲ್ಲಿ ರುಮಿಂತಾ ತೀರಿಕೊಂಡ ದಿನ ಅವಳನ್ನು ವ್ಯಾನಿನಲ್ಲಿ ಮಲಗಿಸಿ ಬಾಗಿಲು ಹಾಕಿದರು. ಇವನು ಬೆಚಾ ಹತ್ತಿ ಹಿಂದೆಯೇ ಹೊರಟ. ವ್ಯಾನು ರಬ್ಬರ್ ತೋಟದ ತಿರುವಿನಲ್ಲಿ ಕಣ್ಮರೆಯಾಯಿತು. ಜೀವಮಾನವಿಡೀ ತನ್ನ ಎಡಕ್ಕೆ ಕೂತು ಊರು ಸುತ್ತಿದವಳು ಕೊನೆಯ ಸಲ ಯಾರದೋ ಗಾಡಿಯಲ್ಲಿ ಮನೆಗೆ ಬಂದಳು, ತಾನು ಖಾಲಿ ಸೀಟು ಹೊತ್ತುಕೊಂಡು ತಡವಾಗಿ ತಲುಪಿದೆ ಎಂಬ ನೋವು ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈ ಸಲ ಅವಳು ತನ್ನ ಗಾಡಿಯಲ್ಲೇ ಹೋಗಬೇಕು. ಹೊದಿಸಿದ ಬಟ್ಟೆಗೆ ಒಂದು ಹನಿ ಎಣ್ಣೆಯೂ ಸಿಡಿಯಬಾರದು ಎಂದು ಎಂಜಿನ್ನಿಗೆ ಕೈ ಹಾಕಿ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಿದ್ದ.

ತುಂಪಾಲ್ ಮಾತಿನಲ್ಲಿ ಎಷ್ಟು ಒರಟೋ ಕೈಯಲ್ಲಿ ಅಷ್ಟೇ ಮೆದು. ರಾತ್ರಿಯಿಡೀ ಸೀಮೆಎಣ್ಣೆ ಕುಡಿಸಿಟ್ಟಿದ್ದ ತೂತುಗಳ ಸುತ್ತ ಉರಿ ಹಿಡಿದ. ಬೋಲ್ಟಿಗೆ ತಾಗಿಸಲಿಲ್ಲ. ಸುತ್ತಲಿನ ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಮೇಣದ ಬತ್ತಿಯನ್ನು ಒತ್ತಿದ. ಮೇಣ ಕರಗಿ ಸಂದಿಯೊಳಕ್ಕೆ ಇಳಿಯಿತು. ಆಮೇಲೆ ಮುರಿದ ಮೋಟಿನ ಮೇಲೆ ನಟ್ಟು ಇಟ್ಟು ವೆಲ್ಡಿಂಗ್ ಮಾಡಿ, ಸ್ಪ್ಯಾನರ್ ಹಾಕಿ, ಬಿಚ್ಚುವ ಬದಲು ಬಿಗಿ ಮಾಡತೊಡಗಿದ.

“ಉಲ್ಟಾ ತಿರುಗಿಸ್ತಿದೀಯ,” ಅಂದ ಮಾಂಗಾಸಿ.

“ಮುನಿಸ್ಕೊಂಡು ಕೂತೋರನ್ನ ಎಳೆದ್ರೆ ಏಳ್ತಾರಾ? ಮೊದಲು ಅವರ ಮಾತಿಗೆ ಹೂಂ ಅನ್ಬೇಕು. ಅಕ್ಕನ ಜೊತೆ ಸಂಸಾರ ಮಾಡಿಯೂ ಇಷ್ಟು ಕಲೀಲಿಲ್ವಾ ನೀನು?”

ಕೂದಲೆಳೆಯಷ್ಟು ಮುಂದಕ್ಕೆ, ಮತ್ತಷ್ಟು ಹಿಂದಕ್ಕೆ. ಮೊದಲನೆಯದು ಕಿರ್ರೆಂದು ನರಳುತ್ತ ಮೇಲೆ ಬಂತು. ಎರಡನೆಯದಕ್ಕೆ ಮಧ್ಯಾಹ್ನವಾಯಿತು. ಮೂರನೆಯದರ ಮೇಲೆ ಕೂರಿಸಿದ ನಟ್ಟು ಮಾತ್ರ ಮತ್ತೆಮತ್ತೆ ಕಿತ್ತುಕೊಂಡು ಬಂತು. ತುಂಪಾಲ್ ಕನ್ನಡಕ ಏರಿಸಿ, ಸೂಜಿಯಿಂದ ಮಸಿ ಕೆರೆದು ನೋಡಿದ.

“ಯಾರಪ್ಪ ಈ ಘನಕಾರ್ಯ ಮಾಡಿರೋದು? ಇಂಗ್ಲಿಷ್ ತೂತಿಗೆ ಜಪಾನಿ ಬೋಲ್ಟು. ಥ್ರೆಡ್ಡು ಹೊಂದಲ್ಲ ಅಂತ ಸುತ್ತ ತಗಡು ಬೇರೆ ಸುತ್ತಿದಾರೆ.”

ಮಾಂಗಾಸಿ ಬಗ್ಗಿ ನೋಡಿದ. ತೂತಿನ ಅಂಚಿನಲ್ಲಿ ತಗಡಿನ ಸಣ್ಣ ಚೂರು ಮಿನುಗಿತು. ಅವನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟ.

“ನಿಮ್ಮಕ್ಕ,” ಅಂದ.

ಮಗಳು ಲಾಸ್ಮಾ ಆಗ ಹಾಲು ಕುಡಿಯುವ ಕೂಸು. ಸರೋವರದ ಕಡೆಯಿಂದ ಮೂವರೂ ವಾಪಸು ಬರುತ್ತಿದ್ದಾಗ ಏರಿನಲ್ಲಿ ಬೋಲ್ಟು ಎಲ್ಲೋ ಉದುರಿಹೋಯಿತು. ದಾರಿಯಲ್ಲಿ ಸಿಕ್ಕ ಲಾರಿಯವನು ತನ್ನ ಡಬ್ಬದಿಂದ ಒಂದು ಬೋಲ್ಟು ಕೊಟ್ಟ. ಅದು ತೂತಿನಲ್ಲಿ ಲೊಡಲೊಡ ಎಂದಿತು. ಮಾಂಗಾಸಿ ಲಾರಿಯವನಿಗೂ ಬೈಕಿಗೂ ಸೇರಿಸಿ ಬೈಯುತ್ತಿದ್ದಾಗ ರುಮಿಂತಾ ಸದ್ದಿಲ್ಲದೆ ಮಗುವಿನ ಹಾಲಿನ ಡಬ್ಬಿ ತೆಗೆದು, ಮುಚ್ಚಳವನ್ನು ಅಡಕತ್ತರಿಯಿಂದ ಪಟ್ಟಿಯಾಗಿ ಕತ್ತರಿಸಿ, ಬೋಲ್ಟಿಗೆ ಸುತ್ತಿ, “ತಗೊಳ್ಳಿ, ಹೊಡೀರಿ ಈಗ” ಅಂದಿದ್ದಳು. ಬೆರಳು ಕುಯ್ದು ರಕ್ತ ಬರುತ್ತಿತ್ತು. ಊರಿಗೆ ಹೋದ ಮೇಲೆ ಸರಿಯಾದ್ದು ಹಾಕೋಣ ಅಂದುಕೊಂಡಿದ್ದು ಹಾಗೇ ಉಳಿಯಿತು. ಆಗ ಅವರ ಹತ್ತಿರ ಇದ್ದದ್ದು ಆ ಗಾಡಿ, ಆ ಕೂಸು, ಆಮೇಲೆ ನೋಡಿಕೊಳ್ಳೋಣ ಎನ್ನುವ ಧೈರ್ಯ, ಅಷ್ಟೇ. ಅಷ್ಟು ಸುಖವಾದ ಕಾಲ ತನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ ಎಂದು ಮಾಂಗಾಸಿಗೆ ಅನ್ನಿಸಿತು.

“ಹಾಗಾದ್ರೆ ಇದು ಬಿಡೋ ಪೈಕಿ ಅಲ್ಲ,” ಅಂದ ತುಂಪಾಲ್. ಡ್ರಿಲ್ ಹಾಕಿ ನೋಡಿದ. ತಗಡು ಸುತ್ತಿಕೊಂಡು ಡ್ರಿಲ್ಲಿನ ಮೊನೆಯೇ ಮುರಿದು ಒಳಗೆ ಕೂತಿತು.

ಶುಕ್ರವಾರ ಸಂಜೆಯಾದರೂ ಅದು ಅಲುಗಲಿಲ್ಲ. ಮಾಂಗಾಸಿ ಎದ್ದು ಉಳಿ ಸುತ್ತಿಗೆ ಕೈಗೆ ತೆಗೆದುಕೊಂಡ.

“ಕೊಡು ಇತ್ಲಾಗೆ,” ಅಂದ ತುಂಪಾಲ್. “ಒಂದು ಏಟಿಗೆ ಎಂಜಿನ್ನಿನ ಹೊಟ್ಟೆ ಸೀಳುತ್ತೆ. ಆಮೇಲೆ ಗುಜರಿಗೆ ಹಾಕ್ಬೇಕು.”

“ಸೀಳ್ಲಿ. ನಾಳೆ ಒಂದಿನ ಓಡಿದ್ರೆ ಸಾಕು. ಅವಳನ್ನ ಮುಟ್ಟಿಸಿದ ಮೇಲೆ ನಂಗ್ಯಾಕೆ ಇದು?”

“ಸೀಳಿದ್ದು ನಾಳೆ ಓಡುತ್ತಾ? ಹಳೇ ಕಬ್ಬಿಣಕ್ಕೆ ನಿನ್ನ ಶನಿವಾರ ಗೊತ್ತಿಲ್ಲ ಭಾವ. ವಾರ ಕೊಡು, ತೆಗೀತೀನಿ.”

ಮಾಂಗಾಸಿ ಉಳಿಯನ್ನು ಬೋಲ್ಟಿನ ಮೇಲೆ ಇಟ್ಟ. ಸುತ್ತಿಗೆ ಎತ್ತಿದ. ಹಾಲಿನ ಡಬ್ಬಿಯ ತಗಡು ಕಣ್ಣಿಗೆ ಬಿತ್ತು. ಎತ್ತಿದ ಕೈ ಕೆಳಗಿಳಿಯಲಿಲ್ಲ. ಸುತ್ತಿಗೆಯನ್ನು ತುಂಪಾಲನ ಕೈಗೆ ಕೊಟ್ಟು, ಯಾರಿಗೂ ಮುಖ ತೋರಿಸದೆ ಗೋಡೆಯ ಕಡೆ ತಿರುಗಿ ಅತ್ತ.

“ವ್ಯಾನಿನವನಿಗೆ ಹೇಳ್ಬಿಡು,” ಅಂದ ಕೊನೆಗೆ.

ತುಂಪಾಲ್ ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕಿ, ಗೋಣಿಚೀಲದ ಮೇಲಿದ್ದ ಸಿಲಿಂಡರನ್ನು ಒರೆಸತೊಡಗಿದ.

ಮರುದಿನ ಸ್ಮಶಾನದಲ್ಲಿ ಮೊದಲ ಗುದ್ದಲಿ ಹಾಕಿದ್ದು ತುಂಪಾಲ್. ಅವರ ಪದ್ಧತಿಯಲ್ಲಿ ಹೆಣ್ಣು ಕೊಟ್ಟ ಮನೆಯವರ ಹಕ್ಕು ಅದು. ಅಂಥ ದಿನ ಅವರು ಎತ್ತರದಲ್ಲಿ ಕೂರಬೇಕು, ಅಳಿಯಂದಿರು ತಗ್ಗಿ ಬಗ್ಗಿ ಉಪಚಾರ ಮಾಡಬೇಕು. ಕೋಟು ತೊಟ್ಟು, ಹೆಗಲ ಮೇಲೆ ಕುಲದ ನೇಯ್ಗೆಯ ಶಾಲು ಹೊದ್ದ ತುಂಪಾಲನಿಗೆ ಊರಿನವರೆಲ್ಲ ತಲೆಬಾಗಿದರು. ತೊಳೆದ ಮೂಳೆಗಳನ್ನು ಬುಟ್ಟಿಯಲ್ಲಿಟ್ಟು ಬಿಳಿ ಬಟ್ಟೆ ಹೊದಿಸಿ ಲಾಸ್ಮಾಳ ಕೈಗೆ ಕೊಟ್ಟರು. ಮಾಂಗಾಸಿ ಗೇಟಿನ ಆಚೆ ವ್ಯಾನು ಹುಡುಕಿದ. ವ್ಯಾನು ಇರಲಿಲ್ಲ. ಅಲ್ಲಿ ಅವನ ಬೆಚಾ ನಿಂತಿತ್ತು. ತುಂಪಾಲ್ ರಾತ್ರಿಯೇ ಸಿಲಿಂಡರನ್ನು ಎರಡೇ ಬೋಲ್ಟಿನ ಮೇಲೆ, ನೋಟಕ್ಕಷ್ಟೇ ಕೂರಿಸಿ ತಳ್ಳಿಸಿ ತಂದಿದ್ದ. ಡಬ್ಬಿಯ ಸೀಟಿಗೆ ಹೊಸ ಚಾಪೆ ಹಾಸಿತ್ತು.

“ಹತ್ತು,” ಅಂದ ತುಂಪಾಲ್, ಕೋಟಿನ ತೋಳು ಮಡಚುತ್ತ.

“ನೀನು ತಳ್ಳೋದಾ? ನೀನು ಕೈ ಹಾಕ್ಬಾರ್ದು ತುಂಪಾಲ್. ನನ್ನ ಮಾನ ಹೋಗುತ್ತೆ. ನೋಡಿದೋರು ಏನಂತಾರೆ?”

“ಏನಾದ್ರೂ ಅನ್ಕೊಳ್ಳಲಿ. ನಮ್ಮಕ್ಕನ ಗಾಡಿ ತಳ್ಳೋಕೆ ನಾನು ಯಾರ ಅಪ್ಪಣೆ ಕೇಳ್ಬೇಕು? ಹತ್ತಿ ಹ್ಯಾಂಡಲ್ ಹಿಡ್ಕೋ. ಚರಂಡಿಗೆ ಇಳಿಸ್ಬೇಡ.”

ಲಾಸ್ಮಾ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಡಬ್ಬಿಯಲ್ಲಿ ಕುಳಿತಳು. ತುಂಪಾಲ್ ಹಿಂದಿನಿಂದ ತಳ್ಳಿದ. ಅವನು ತಳ್ಳುವುದನ್ನು ಕಂಡು ಹಿಂದೆಮುಂದೆ ನೋಡುತ್ತಿದ್ದ ನೆಂಟರು ಒಬ್ಬೊಬ್ಬರಾಗಿ ಬಂದು ಕೈಜೋಡಿಸಿದರು. ಹಾಡುತ್ತಿದ್ದ ಹೆಂಗಸರು ಏರು ಬಂದಾಗ ಉಸಿರು ಸಾಲದೆ ಸುಮ್ಮನಾದರು. ಚಕ್ರದ ಕೆಳಗೆ ಜಲ್ಲಿ ಕರಕರ ಎನ್ನುವುದು, ನೂರಾರು ಚಪ್ಪಲಿಗಳ ಸಪ್ಪಳ, ಅಷ್ಟೇ ಕೇಳುತ್ತಿತ್ತು.

ಮಾಂಗಾಸಿಗೆ ಆಗ ಹೊಳೆಯಿತು. ರುಮಿಂತಾ ಪಕ್ಕದಲ್ಲಿದ್ದಾಗ ಈ ಗಾಡಿ ಸದ್ದಿಲ್ಲದೆ ಸಾಗಿದ್ದು ಇದೇ ಮೊದಲು. ಎಂಜಿನ್ನಿನ ಗುಡುಗಿಗೆ ಅವನು ಏನು ಹೇಳಿದರೂ ಅವಳು ಕಿವಿಯ ಹತ್ತಿರ ಕೈ ತಂದು, “ಕೇಳ್ಸಲ್ಲ, ಮನೇಲಿ ಹೇಳಿ” ಅನ್ನುತ್ತಿದ್ದಳು. ಮನೆಗೆ ಹೋದರೆ ಮಕ್ಕಳು, ಒಲೆ, ನೀರು. ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತಿತ್ತು.

“ಬಾಡಿಗೆಯೋರು ಯಾರೇ ಕೂತ್ಕೊಳ್ಳಲಿ, ಅದು ನಿನ್ನ ಜಾಗ ಕಣೇ,” ಅಂದ ಮೆಲ್ಲಗೆ. “ಎಡಕ್ಕೆ ತಿರುಗಿದಾಗಲೆಲ್ಲ ನೀನಿದೀಯಾ ಅಂತಲೇ ನೋಡ್ತೀನಿ.”

“ಏನಪ್ಪ?” ಅಂದಳು ಲಾಸ್ಮಾ.

“ನಿಂಗಲ್ಲಮ್ಮ.”

ಲಾಸ್ಮಾ ಬುಟ್ಟಿಯನ್ನು ಅಪ್ಪನ ಕಡೆಗೆ ತುಸು ಸರಿಸಿ ಹಿಡಿದುಕೊಂಡಳು.