ಒಪ್ಪಿಗೆಗೆ ಮುಂಚಿನ ಊಟ

ಹೊನ್ನಾಳಿ ಬಸ್ ಸ್ಟ್ಯಾಂಡಿನಿಂದ ಜಯದೇವಪ್ಪನವರ ಮನೆಯ ಕಡೆ ನಡೆಯುತ್ತಿದ್ದ ಗುರುಬಸವರಾಜನ ಕಾಲು ಹಿಂದೇಟು ಹಾಕುತ್ತಿತ್ತು. ಕೆಲವು ವರ್ಷಗಳ ಹಿಂದೆ ಇದೇ ಮನೆಗೆ, ಅವರ ಮಗಳು ಪ್ರಮೀಳಾಳನ್ನೇ ಹೆಣ್ಣು ನೋಡಲು ಅವನು ಬಂದಿದ್ದ. ನ್ಯಾಮತಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನನ್ನು ಮದುವೆ ದಲ್ಲಾಳಿ ಚನ್ನಗಿರಿಯ ಸರ್ಕಾರಿ ಆಫೀಸಿನಲ್ಲಿ ಎಂಜಿನಿಯರ್ ಎಂದು ಹೇಳಿಬಿಟ್ಟಿದ್ದ. ಇವನೂ ಸುಮ್ಮನಿದ್ದ. ಅವಲಕ್ಕಿ ಮುಗಿದು ಚಹಾ ಬರುವಷ್ಟರಲ್ಲಿ ಯಾರೋ, "ನಮ್ಮ ಅಳಿಯನೂ ಅದೇ ಆಫೀಸಲ್ಲಿ ಇರೋದು, ಈಗ ಬರ್ತಾನೆ" ಎಂದರು. ಕೈ ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದ ಗುರುಬಸವರಾಜ ಗೋಡೆ ಹಾರಿ, ದಲ್ಲಾಳಿಯನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ ನ್ಯಾಮತಿ ಬಸ್ ಹತ್ತಿದ್ದ.

ಓಡಿದವನು ಇವನು. ಜನ ಮಾತ್ರ ಹುಡುಗಿಯಲ್ಲೇ ಏನೋ ಐಬಿರಬೇಕು ಎಂದರು. ಅವಳಿಗೆ ಬಂದ ಸಂಬಂಧಗಳೆಲ್ಲ ಹಿಂದೆ ಸರಿದವು. ಆ ಸುದ್ದಿ ಕಿವಿಗೆ ಬಿದ್ದ ಮೇಲೆ ಪೂಜೆಗೆ ಕೂತರೆ ವಿಭೂತಿ ಹಚ್ಚಿಕೊಳ್ಳುವುದಕ್ಕೂ ಅವನಿಗೆ ನಾಚಿಕೆಯಾಗುತ್ತಿತ್ತು. ಬೇರೆ ಹೆಣ್ಣನ್ನು ಅವನು ನೋಡಲಿಲ್ಲ. ಕೊನೆಗೆ ಜಗಳೂರಿನ ಸೋದರಮಾವ ಬಸವರಾಜಪ್ಪನವರಿಗೆ ಎಲ್ಲವನ್ನೂ ಹೇಳಿ, ಇನ್ನೊಂದು ಸಲ ಕೇಳಿ ನೋಡಿ ಎಂದು ಅಂಗಲಾಚಿದ್ದ.

ಈಗ ಜೊತೆಗೆ ನಡೆಯುತ್ತಿದ್ದ ಮಾವ ದಾರಿಯುದ್ದಕ್ಕೂ ಶಾಸ್ತ್ರ ಹೇಳುತ್ತ ಬಂದರು. "ಒಪ್ಪಿಗೆ ಆಗೋ ತನಕ ಹೆಣ್ಣಿನ ಮನೆ ಅನ್ನ ಮುಟ್ಟಬ್ಯಾಡಪ್ಪ. ಅವಲಕ್ಕಿ, ಚಾ, ಅಷ್ಟೇ. ಅನ್ನ ಉಂಡ್ರೆ ಸಂಬಂಧ ಒಪ್ಪಿದಂಗೆ."

"ನನಗೆ ಕುಡಿಯಾಕೆ ನೀರು ಕೊಟ್ರೆ ಸಾಕು ಮಾವ."

ಜಯದೇವಪ್ಪ ಬಾಗಿಲಲ್ಲೇ ನಿಂತಿದ್ದರು. ಅವರ ಕಾಲಲ್ಲಿದ್ದುದು ಗುರುಬಸವರಾಜ ಅಂದು ಬಿಟ್ಟುಹೋದ ಚಪ್ಪಲಿ.

"ಗಟ್ಟಿ ಮಾಲು ನೋಡಪ್ಪ, ಇನ್ನೂ ಸವೆದಿಲ್ಲ. ಒಳಗೆ ಬರ್ರಿ. ಹಿತ್ತಲ ಬಾಗಿಲಿಗೆ ಬೀಗ ಹಾಕೀವಿ, ಆರಾಮಾಗಿ ಕೂತ್ಕೊಳ್ರಿ."

ಗೋಡೆಯ ಮೇಲೆ ಅವರ ಹೆಂಡತಿ ಸರ್ವಮಂಗಳಮ್ಮನ ಫೋಟೋ ಇತ್ತು. ಗುರುಬಸವರಾಜ ಕೈ ಮುಗಿದ.

"ಲಿಂಗೈಕ್ಯ ಆಗೋ ತನಕ ಆಕಿಗೆ ಒಂದೇ ಚಿಂತೆ," ಎಂದರು ಜಯದೇವಪ್ಪ. "ಪಾಪ, ಹುಡುಗ ಚಾ ಕುಡೀದೆ ಹೋದ ಅಂತ. ನನ್ನ ಚಾ ಬಗ್ಗೆ ಒಂದಿನಾನೂ ಅಷ್ಟು ಮರುಗಿದಾಕಿ ಅಲ್ಲ." ನಗುತ್ತ ಶುರುವಾದ ಮಾತು ಮುಗಿಯುವಾಗ ದನಿ ಇಳಿದಿತ್ತು.

ಹೊಲಿಗೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಪ್ರಮೀಳಾ ಬಂದು ಎದುರಿಗೆ ಕೂತಳು. "ಯಾಕೆ ಓಡಿಹೋದ್ರಿ?"

"ಸುಳ್ಳು ಹೇಳಿದ್ವಿ ರೀ. ಸಿಕ್ಕಿಬೀಳ್ತೀನಿ ಅಂತ ಹೆದರಿದೆ. ಕೆಟ್ಟ ಹೆಸರು ನಿಮಗೆ ಬಂತು. ತಪ್ಪಾಯ್ತು ಅಂತ ಹೇಳಾಕೆ ಬಂದೀನಿ. ನೀವು ಒಪ್ಪೋದಾದ್ರೆ, ಮದುವೆ ಕೇಳಾಕೂ."

"ನನಗೆ ಎಂಜಿನಿಯರೇ ಬೇಕು ಅಂತ ಯಾರು ಹೇಳಿದ್ರು? ಇದ್ದದ್ದು ಇದ್ದಂಗೆ ಹೇಳಿದ್ರೆ ನಮ್ಮ ಮಿಕ್ಸರ್ ಆದ್ರೂ ರಿಪೇರಿ ಆಗ್ತಿತ್ತು."

ಅಷ್ಟರಲ್ಲಿ ಮಾವನ ಕೈ ನಡುಗತೊಡಗಿತು, ಹಣೆ ಬೆವರಿತು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಜಗಳೂರಿನಲ್ಲಿ ಬಸ್ ಹತ್ತಿದವರು ಹೊಟ್ಟೆಗೆ ಏನೂ ಹಾಕಿರಲಿಲ್ಲ. ಪ್ರಮೀಳಾ ಓಡಿಹೋಗಿ ಬೆಲ್ಲ ತಂದು ಬಾಯಿಗಿಟ್ಟಳು. ಈ ಗಂಡಿಗಾಗಿ ಮತ್ತೆ ಅವಲಕ್ಕಿ ನೆನೆಹಾಕುವುದಿಲ್ಲ ಎಂದು ಬೆಳಿಗ್ಗೆಯೇ ಹಟ ಹಿಡಿದಿದ್ದಳು. ಹಾಗಾಗಿ ಒಲೆಯ ಮೇಲಿದ್ದ ಅನ್ನ, ಸಾರು ಬಿಟ್ಟು ಮನೆಯಲ್ಲಿ ಬೇರೇನೂ ಇರಲಿಲ್ಲ. ಅದನ್ನೇ ಬಡಿಸಿದಳು. ಮಾವ ಶಾಸ್ತ್ರ ಮರೆತು ಉಂಡರು. ನಡುಕ ನಿಂತ ಮೇಲೂ ಇನ್ನಷ್ಟು ಹಾಕಿಸಿಕೊಂಡರು.

ಪಕ್ಕದ ಮನೆಯ ಅಂತರಘಟ್ಟಮ್ಮ ಕಿಟಕಿಯಲ್ಲಿ ಇಣುಕಿದಳು. "ಗಂಡಿನ ಕಡೆ ಹಿರೇರು ಅನ್ನ ಉಂಡ್ರು. ಸಂಬಂಧ ಆತು ಬಿಡ್ರೇ." ಮಾತು ಬೀದಿಗೆ ಹಬ್ಬಿತು. ಕುಂಕುಮದ ಬಟ್ಟಲು ಹಿಡಿದ ಹೆಂಗಸರು ಜಗುಲಿಗೆ ಬಂದೇಬಿಟ್ಟರು. ಜಯದೇವಪ್ಪನವರ ಮುಖವೂ ಅರಳಿತ್ತು.

ಪ್ರಮೀಳಾ ಮಾತ್ರ ನೆಲ ನೋಡುತ್ತಿದ್ದಳು. ಅಂದಿನಂತೆ ಸುಮ್ಮನಿದ್ದರೆ ಸಾಕು, ಬೇಡಿದ್ದು ಗುರುಬಸವರಾಜನ ಕೈಸೇರುತ್ತಿತ್ತು. ಅವನು ಎದ್ದು ಬಾಗಿಲಿಗೆ ನಡೆದ. ಜಯದೇವಪ್ಪ ಗಾಬರಿಯಿಂದ ಚಪ್ಪಲಿಯ ಕಡೆ ನೋಡಿದರು.

"ಮಾವ ಉಂಡಿದ್ದು ಶುಗರಿಗೆ ರೀ," ಎಂದು ಹೆಂಗಸರಿಗೆ ಹೇಳಿದ. "ಪ್ರಮೀಳಾ ಅವರಿನ್ನೂ ಒಪ್ಪಿಲ್ಲ. ಒಪ್ಪದಿದ್ರೆ, ಆ ನ್ಯಾಮತಿಯವನೇ ಸರಿಯಿಲ್ಲ ಅಂತ ಊರಿಗೆಲ್ಲ ಹೇಳ್ರಿ. ಅವತ್ತು ಹೆದರಿ ಓಡಿದ್ದೂ ನಾನೇ. ಅವರಲ್ಲಿ ಯಾವ ಐಬೂ ಇಲ್ಲ."

ಹೇಳಿ, ಬಂದು ಮತ್ತೆ ಅದೇ ಜಾಗದಲ್ಲಿ ಕೂತ. ಅಂತರಘಟ್ಟಮ್ಮ ಕಿಟಕಿಯಿಂದ ತಲೆ ಹಿಂದಕ್ಕೆಳೆದುಕೊಂಡಳು.

ಪ್ರಮೀಳಾ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಎರಡು ತಟ್ಟೆ ತಂದು, ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ಹಿಡಿದು ಎದುರಿಗೆ ಕೂತಳು.

ಗುರುಬಸವರಾಜನ ಕೈ ತಟ್ಟೆಗೆ ಹೋಗಲಿಲ್ಲ. "ಉಂಡ್ರೆ ಒಪ್ಪಿದಂಗೆ ಅಂತಾರೆ ರೀ."

"ನನಗೂ ಗೊತ್ತೈತೆ. ಸಾರು ಆರ್ತೈತೆ, ಉಣ್ಣಿ," ಎಂದು ಪ್ರಮೀಳಾ ತಾನೇ ಮೊದಲು ತುತ್ತು ಬಾಯಿಗಿಟ್ಟಳು.