ಐದೂರಿಗೆ ಒಂದೇ ಹೊತ್ತು

೨೦೦೭ರ ಏಪ್ರಿಲ್ ೧೭, ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಹಡಗಲಿಯ ಕುರಿ ಸಾಕಣೆದಾರರ ಸಂಘದಲ್ಲಿ ತ್ರೀ ಫೇಸ್ ಕರೆಂಟಿತ್ತು. ಲಸಿಕೆ ಇಡುವ ತಣ್ಣನೆಯ ಕೋಣೆಯ ಯಂತ್ರ ಮಾತ್ರ ನಿನ್ನೆಯಿಂದ ಓಡಿರಲಿಲ್ಲ. ಒಳಗೆ ಏಳು ಡಿಗ್ರಿ. ಎಂಟು ದಾಟಿ ನಿಂತರೆ ಲಸಿಕೆ ನೀರಿಗೆ ಸಮ. ನಾಳೆ ಅದನ್ನು ಮಾಗಳಕ್ಕೆ ಒಯ್ಯಬೇಕು. ಅಲ್ಲಿ ಎರ್ರಮ್ಮನ ಹಟ್ಟಿಯಲ್ಲಿ ಕುರಿಗಳು ಮೂಗು ಸೋರಿ ಸಾಯತೊಡಗಿದ್ದವು.

ಮೊದಲು ಸಂಘದ ಲಸಿಕೆ ನೋಡಿಕೊಳ್ಳುವ ಗೀತಾಂಜಲಿಗೆ ಈ ಪೇಚಿರಲಿಲ್ಲ. ಹಡಗಲಿಯಲ್ಲಿ ಕರೆಂಟಿನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಲೈನ್‌ಮನ್ ಗುರುಸಂಗಪ್ಪನನ್ನು ಕೇಳಿಕೊಂಡು, ಯಂತ್ರ ಓಡುವ ಹೊತ್ತನ್ನು ಅವಳೇ ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದಳು. ಕೊಟ್ಟೂರಿನ ಶಾಖೆಯವನು ತಿದ್ದಲು ಮರೆತು ಲಸಿಕೆಯನ್ನೆಲ್ಲ ಕೆಡಿಸಿದ ಮೇಲೆ ಸಂಘದ ಶಾಖೆಗಳಿದ್ದ ಐದೂ ಊರಿನ ಕಂಪ್ಯೂಟರುಗಳ ಲಗಾಮು ಹೊಸಪೇಟೆಯ ಹೆಡ್ಡಾಫೀಸಿಗೆ ಹೋಯಿತು. ಪಾಸ್‌ವರ್ಡೂ ಅವರದೇ. ಈಗ ಎಲ್ಲ ಊರಿನಲ್ಲೂ ಯಂತ್ರ ಶುರುವಾಗುವುದು ಮಧ್ಯಾಹ್ನ ಎರಡು ಗಂಟೆಗೆ. ಹಡಗಲಿಯಲ್ಲಿ ಈ ವಾರ ಹನ್ನೆರಡಕ್ಕೇ ಕರೆಂಟು ಹೋಗುತ್ತಿತ್ತು.

ಹೆಡ್ಡಾಫೀಸಿನಲ್ಲಿ ಫೋನೆತ್ತಿದವನು ಕೊಟ್ರಸ್ವಾಮಿ, ಹಿಂದೆ ಹಡಗಲಿಯಲ್ಲೇ ಕೆಲಸಕ್ಕಿದ್ದವನು.

“ಅಣ್ಣಾ, ನಮ್ಮೂರಿಂದಷ್ಟು ಹೊತ್ತು ಬದಲು ಮಾಡ್ರಿ. ನಿನ್ನೀನ ಹೇಳೀನಿ.”

“ಒಂದೂರಿಗೆ ಬದಲು ಮಾಡಿದ್ರ ಐದೂರಿಗೂ ಬದಲಾಗ್ತೈತಿ ತಂಗಿ. ಸಾಫ್ಟ್‌ವೇರ್ ಮಾಡಿದ ಬೆಂಗಳೂರವ್ರು ಹಂಗ ಕೂಡಿಸ್ಯಾರ. ಅವರನ್ನ ಕೇಳಾಕತ್ತೀನಿ, ಹತ್ತು ನಿಮಿಷ ತಡಿ.”

ಎಲೆಕ್ಟ್ರಿಷಿಯನ್ ಮಹಬೂಬ್ ಬಾಗಿಲಲ್ಲಿ ಕೂತಿದ್ದ. “ಎರಡು ವೈರ್ ಜೋಡಿಸಿದ್ರ ಕಂಪ್ಯೂಟರಿನ ಹಂಗಿಲ್ದ ಓಡ್ತೈತ್ರಿ ಮೇಡಂ. ಇದರ ಸದ್ದು ಹೊಸಪೇಟಿಗೇನು ಕೇಳಂಗಿಲ್ಲ.”

ವೈರಿನ ಪೆಟ್ಟಿಗೆಗೆ ಹೆಡ್ಡಾಫೀಸಿನ ಸೀಲಿತ್ತು. ಅದನ್ನು ಒಡೆದ ಕೂಡ್ಲಿಗಿಯ ಹಂಪೇಶ್ ಹೋದ ವಾರವಷ್ಟೇ ಮನೆ ಸೇರಿದ್ದ.

“ಹೋದ ನೌಕರೀನೂ ನೀನ ಜೋಡಿಸಿ ಕೊಡ್ತೀಯೇನಪಾ?” ಎಂದಳು. “ತಡಿ. ಹತ್ತು ನಿಮಿಷ ಅಂದಾರ.”

ಹನ್ನೊಂದಾಯಿತು. ಆಮೇಲೆ ಹೊಸಪೇಟೆಯ ಫೋನು ಎಂಗೇಜೇ ಇತ್ತು. ಹನ್ನೊಂದೂ ಮುಕ್ಕಾಲಿಗೆ, ಒಳಗೆ ಎಂಟು ಡಿಗ್ರಿಯಾದದ್ದನ್ನು ನೋಡಿ ಬಂದವಳು, “ಜೋಡಿಸು” ಎಂದಳು. ಮಹಬೂಬ್ ಸೀಲು ಒಡೆದು ವೈರು ಕೂಡಿಸಿದ. ಯಂತ್ರ ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ಹನ್ನೆರಡಾಗಿತ್ತು, ಕರೆಂಟು ಹೋಗಿತ್ತು.

ಊರಿನ ಐಸ್ ಕಾರ್ಖಾನೆಗೂ ಅದೇ ಪಾಳಿ. ಅಲ್ಲಿ ಸಿಕ್ಕಿದ ಎರಡು ಐಸ್ ಗಡ್ಡೆಗಳನ್ನು ತಂದು ಕೋಣೆಯಲ್ಲಿಟ್ಟರೂ ಸಂಜೆಯೊಳಗೆ ಕರಗಿದವು. ಆಗ ಕೊಟ್ರಸ್ವಾಮಿಯ ಫೋನು ಬಂತು.

“ಬೆಂಗಳೂರವ್ರು ಒಪ್ಪಿದ್ರು ನೋಡು ತಂಗಿ. ನಾಳಿಯಿಂದ ನಿಮ್ಮೂರಿಗೆ ಬೆಳಿಗ್ಗಿ ಎಂಟಕ್ಕ ಓಡ್ತೈತಿ.”

“ಹ್ಞೂಂ ಅಣ್ಣ,” ಎಂದಳು. ಸೀಲು ಒಡೆದದ್ದನ್ನು ಹೇಳದೆ ಫೋನಿಟ್ಟಳು.

ಮರುದಿನ ಬೆಳಗಾದಾಗ ಮಾಗಳದಲ್ಲಿ ಎರ್ರಮ್ಮ ಉಳಿದ ಕುರಿಗಳನ್ನು ಹಟ್ಟಿಯಿಂದ ಬಿಡದೆ ಕಾಯುತ್ತಿದ್ದಳು. ಗೀತಾಂಜಲಿ ಕೋಣೆಯ ಬಾಗಿಲು ತೆರೆದು ಥರ್ಮಾಮೀಟರ್ ನೋಡಿದಳು. ಹದಿನೇಳು ಡಿಗ್ರಿ.