ಬಿಡಿಸಿದ ಗುಳಿಗೆ

ದುರ್ಗದಬೈಲಿನ ಬಟ್ಟೆ ವ್ಯಾಪಾರಿ ಶಾಂತಯ್ಯನ ಮನೆಯಲ್ಲಿ ಲಿಂಗಪೂಜೆಯಾಗದೆ ಯಾರೂ ತುತ್ತು ಎತ್ತುತ್ತಿರಲಿಲ್ಲ. ಹಿರಿಯ ಮಗಳು ಉಮಾಶ್ರೀ ಮಾತ್ರ ಮೊದಲೇ ಒಂದಿಷ್ಟು ಉಪ್ಪಿಟ್ಟು ತಿಂದು ಗುಳಿಗೆ ನುಂಗಬೇಕಿತ್ತು. ಅವಳಿಗೆ ಲೂಪಸ್. ಬಿಸಿಲಿಗೆ ಹೋದರೆ ಕೆನ್ನೆಗಳು ಕೆಂಪೇರುತ್ತಿದ್ದವು, ಬೆರಳು ಬಿಗಿದು ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ.

“ರೋಗದ ಜೋಡಿ ಬಡದಾಡಬೇಕಾದ ಮೈಯೊಳಗಿನ ಶಕ್ತಿ, ತನ್ನ ಮೈಯನ್ನ ವೈರಿ ಅಂತ ತಿಳಕೊಂಡು ಹೊಡೀತೈತ್ರಿ. ಶಾಪ ಅಲ್ಲ, ಅಂಟುರೋಗಾನೂ ಅಲ್ಲ. ಗುಳಗಿ ತಗೊಂಡ್ರ ಛಲೋ ಇರ್ತಾಳ. ನಡುವ ಬಿಟ್ರ ಮಾತ್ರ ಕಿಡ್ನಿಗೆ ಕುತ್ತು,” ಎಂದು ಡಾಕ್ಟರ್ ಜಯಮಾಲಾ ತಂದೆತಾಯಿಯನ್ನು ಕೂರಿಸಿಕೊಂಡು ಹೇಳಿದ್ದರು.

ಗುಳಿಗೆಯಿಂದ ಅವಳ ಮುಖ ಊದಿ ದುಂಡಗಾಗಿತ್ತು. ಅಷ್ಟರಲ್ಲಿ ಧಾರವಾಡದವರು ಕನ್ಯಾ ನೋಡಲು ಬರುವ ಸುದ್ದಿ ಬಂತು.

“ಖರೇ ಹೇಳಿಬಿಡೋಣ ಅಪ್ಪಾ. ಒಪ್ಪಿದ್ರ ಒಪ್ಪಲಿ, ಇಲ್ಲಂದ್ರ ಬ್ಯಾಡ,” ಎಂದಳು ಉಮಾಶ್ರೀ.

“ಹೆಣ್ಣುಮಕ್ಕಳ ಬ್ಯಾನಿ ಮಂದಿಗೆ ಹೇಳೂ ಪದ್ಧತಿ ನಮ್ಮ ಮನ್ಯಾಗಿಲ್ಲ. ನಿನ್ನ ಬೆನ್ನಿಗೆ ತಂಗಿ ಸೌಮ್ಯಾ ಅದಾಳ. ಮುಖ ಇಳೀಲಿ, ಲಗ್ನದ ಅಕ್ಕಿಕಾಳು ಬೀಳೂತನಾ ಗುಳಗಿ ಬಿಡು,” ಎಂದ ಶಾಂತಯ್ಯ.

ತಾಯಿ ಗೌರಕ್ಕ ಗುಳಿಗೆಯ ಚೀಲವನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿದಳು. ಹೆತ್ತವಳ ಕೈಯೇ ಹೀಗೆ ಮಾಡಬೇಕಾದರೆ ಮಂದಿಯ ಬಾಯಿಗೆ ನಾವು ಎಷ್ಟು ಅಂಜುತ್ತೇವೆ!

ತಿಂಗಳೊಪ್ಪತ್ತಿನಲ್ಲಿ ಮುಖ ಇಳಿಯಿತು. ಬಂದವರು ಅವಲಕ್ಕಿ ತಿಂದು, ಹುಡುಗಿ ಒಪ್ಪಿಗೆ ಎಂದು ಹೋದರು. ಹಿಗ್ಗಿನಲ್ಲಿದ್ದ ಮನೆಯವರು ಅವಳ ಕಾಲು ಬಾತದ್ದನ್ನು ಕಾಣಲಿಲ್ಲ.

“ಅವ್ವಾ, ಉಸಿರು ಹಿಡೀತೈತಿ,” ಎಂದು ಅವಳು ಅತ್ತಳು.

“ನಿಶ್ಚಯ ಆಗಲಿ, ಆಮ್ಯಾಲೆ ತೋರಸೋಣು,” ಎಂದ ಶಾಂತಯ್ಯ.

ನಿಶ್ಚಯದ ಹಿಂದಿನ ದಿನ ಅವಳು ಅಡುಗೆಮನೆಯಲ್ಲಿ ಬಿದ್ದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಜಯಮಾಲಾ ಏನೆಲ್ಲ ಮಾಡಿದರೂ ಉಳಿಸಿಕೊಳ್ಳಲಾಗಲಿಲ್ಲ.

ಮನೆಗೆ ತಂದ ಅವಳ ದೇಹವನ್ನು ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಇಳಿಯಲೆಂದು ಇಷ್ಟೆಲ್ಲ ಮಾಡಿದ ಆ ಮುಖ ನೀರು ತುಂಬಿ ಹಿಂದೆಂದಿಗಿಂತ ದುಂಡಗಾಗಿತ್ತು. ಗೌರಕ್ಕ ಅದಕ್ಕೆ ವಿಭೂತಿ ಹಚ್ಚುತ್ತಿದ್ದಳು.

“ಏನಾಗಿತ್ತ್ರೀ ಹುಡುಗಿಗೆ?” ಎಂದು ನೆರೆಮನೆಯ ದಾವಲಬಿ ಅಳುತ್ತ ಕೇಳಿದಳು.

ಶಾಂತಯ್ಯ ಹೆಂಡತಿಯ ಕಿವಿಯ ಬಳಿ ಬಗ್ಗಿದ. “ಜ್ವರ ಅನ್ನು. ಸೌಮ್ಯಾನ ಲಗ್ನ ಆಗಬೇಕು.”

ಗೌರಕ್ಕನ ಕೈ ನಿಂತಿತು. ಬಾಗಿಲಲ್ಲಿ ನಿಂತು ಬಿಕ್ಕುತ್ತಿದ್ದ ಕಿರಿಯ ಮಗಳನ್ನು ನೋಡಿದಳು. ಆಮೇಲೆ ಕೂಡಿದವರಿಗೆಲ್ಲ ಕೇಳುವಂತೆ ಹೇಳಿದಳು:

“ಲೂಪಸ್ ಇತ್ತ್ರೀ ಆಕಿಗೆ. ಗುಳಗಿ ತಗೊಂಡಿದ್ರ ಬದುಕತಿದ್ಲು. ಕನ್ಯಾ ನೋಡಾಕ ಬರ್ತಾರಂತ ನಾವ ಬಿಡಿಸಿದ್ವಿ. ಸೌಮ್ಯಾನ್ನ ನೋಡಾಕ ಬರೋರಿಗೂ ಇದನ್ನ ಹೇಳತೇನಿ.”